ಚಿಕ್ಕತಾಯಮ್ಮನ ಡಯಟ್ ಚಾರ್ಟ್

ರಿಜಿಸ್ಟರ್ಡ್ ಡಯಟೀಷಿಯನ್ ಆಗಲು ಇಂಚರಾಗೆ ಉಳಿದದ್ದು ಎರಡೇ ಮೆಟ್ಟಿಲು.

ಮಂಡ್ಯದ ಆಸ್ಪತ್ರೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್... ಅದಾದ ಮೇಲೆ ಒಂದು ಪರೀಕ್ಷೆ.

ಇಂಟರ್ನ್‌ಶಿಪ್ ಮುಗಿಯಬೇಕೆಂದರೆ ಒಂದು ಕೇಸ್ ಸ್ಟಡಿ ಬರೆಯಬೇಕು. ಒಬ್ಬ ರೋಗಿಗೆ ಊಟದ ಚಾರ್ಟ್ ಮಾಡಿಕೊಟ್ಟು, ಅವರ ರಕ್ತದ ರಿಪೋರ್ಟ್ ಸುಧಾರಿಸಿದ್ದನ್ನು ತೋರಿಸಬೇಕು.

ಅವಳು ಆರಿಸಿಕೊಂಡದ್ದು ಚಿಕ್ಕತಾಯಮ್ಮನನ್ನು. ಮದ್ದೂರು ಕಡೆಯ ಹಳ್ಳಿಯವರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಗಂಡ ಬೋರೇಗೌಡರ ಜೊತೆ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಬರುತ್ತಿದ್ದರು.

ಇಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಬಾರದು. ಏರಿದರೆ ಹೃದಯವೇ ನಿಂತುಬಿಡಬಹುದು.

ಇಂಚರಾ ಎರಡು ದಿನ ಕೂತು ಚಾರ್ಟ್ ಮಾಡಿದಳು. ಇಂಟರ್ನೆಟ್ಟಿನಲ್ಲಿ ಸಿಕ್ಕ ವಿದೇಶಿ ಆಸ್ಪತ್ರೆಯೊಂದರ ಪಟ್ಟಿಯನ್ನು ಕನ್ನಡಕ್ಕಿಳಿಸಿ, ಬಣ್ಣದ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಕೂಡ ಮಾಡಿಸಿದಳು.

“ಬಾಳೆಹಣ್ಣು ಬೇಡ ಅಜ್ಜಿ, ಆಲೂಗಡ್ಡೆ ಬೇಡ, ಟೊಮ್ಯಾಟೊ ಬೇಡ, ಕಿವಿ ಹಣ್ಣು ಬೇಡ...”

“ಕಿವಿ ಹಣ್ಣಾ? ಕಿವೀಲೂ ಹಣ್ ಬುಡ್ತದಾ ಮಗಾ?”

ಡಯಾಲಿಸಿಸ್ ವಾರ್ಡಿಗೆ ವಾರ್ಡೇ ನಕ್ಕಿತು.

“ನಗಬೇಡಿ. ನೀರೂ ಅಷ್ಟೇ... ದಿನಕ್ಕೆ ಒಂದೇ ಲೀಟರ್.”

“ಆಯ್ತು ಕಣವ್ವ. ನೀ ಬರ್ದಂಗೇ ಉಣ್ತೀನಿ ಬುಡು. ನೀನೂ ಪಾಸಾಗ್ಬೇಕಲ್ಲ!”

ಹದಿನೈದು ದಿನ ಕಳೆಯಿತು... ಪೊಟ್ಯಾಸಿಯಂ ಇಳಿಯಲಿಲ್ಲ, ಏರಿತು. ಮುಂದಿನ ವಾರ ಇನ್ನಷ್ಟು ಏರಿತು.

“ಏನಮ್ಮ ಇದು?” ಎಂದರು ಅವಳ ಇಂಟರ್ನ್‌ಶಿಪ್ ನೋಡಿಕೊಳ್ಳುವ ಮೇಡಂ. “ನೀನು ಚಾರ್ಟ್ ಕೊಟ್ಟ ಮೇಲೇ ಜಾಸ್ತಿ ಆಗಿದೆ. ಹೀಗಾದ್ರೆ ನಾನು ಸೈನ್ ಹೇಗೆ ಹಾಕ್ಲಿ?”

ಇಂಚರಾಳ ತಲೆ ಬಿಸಿಯಾಯಿತು. ಚಾರ್ಟೇ ತಪ್ಪಿರಬಹುದು ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ.

ಶುಕ್ರವಾರ ನೇರವಾಗಿ ಚಿಕ್ಕತಾಯಮ್ಮನ ಮಂಚದ ಹತ್ತಿರ ಹೋದಳು.

“ನಿಜ ಹೇಳಿ ಅಜ್ಜಿ. ಕದ್ದು ಏನು ತಿಂತಿದ್ದೀರಿ?”

“ಅಯ್ಯೋ, ಏನೂ ಇಲ್ಲ ಮಗಾ. ಎಲ್ಡ್ ಇಡ್ಲಿ, ಒಂದ್ ಹಿಡಿ ಅನ್ನ, ನೀ ಹೇಳ್ದಂಗೆ ಬೇಯ್ಸಿ ಬಸ್ದಿರೋ ಸೋರೆಕಾಯಿ...”

“ಹಾಗಾದ್ರೆ ರಿಪೋರ್ಟ್ ಸುಳ್ಳು ಹೇಳುತ್ತಾ?”

ಎಲ್ಲರ ಎದುರೇ ಅವರ ಚೀಲವನ್ನು ಎತ್ತಿ ಮಂಚದ ಮೇಲೆ ಸುರಿದಳು. ಒಂದು ಸೀರೆ, ಟವೆಲ್, ಮಾತ್ರೆ ಡಬ್ಬಿ, ಮಡಿಸಲು ಬಾರದ ಆ ಚಾರ್ಟು... ತಿನ್ನುವಂಥದ್ದು ಒಂದೂ ಇರಲಿಲ್ಲ.

ಅಲ್ಲಿಗೂ ಅವಳ ಸಿಟ್ಟು ಇಳಿಯಲಿಲ್ಲ.

“ನಾಲಿಗೆ ಕಟ್ಟೋಕಾಗದಿದ್ರೆ ಇಲ್ಲಿಗೆ ಯಾಕೆ ಬರ್ತೀರಿ? ನಿಮ್ಮಿಂದ ನಾನು ಬೈಸ್ಕೋಬೇಕಾ?”

ಚಿಕ್ಕತಾಯಮ್ಮನ ಒಂದು ಕೈಗೆ ಸೂಜಿ ಚುಚ್ಚಿತ್ತು. ಇನ್ನೊಂದು ಕೈಯಲ್ಲೇ ಒಂದೊಂದನ್ನೂ ಎತ್ತಿ ಚೀಲಕ್ಕೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಅವರನ್ನು ಆಟೋದಲ್ಲಿ ಹೊತ್ತು ತಂದರು. ಕೈಕಾಲು ಸೋತಿತ್ತು. ಎದೆಬಡಿತ ಹಳಿ ತಪ್ಪಿತ್ತು.

ತುರ್ತು ಘಟಕದ ಹೊರಗೆ ಬೋರೇಗೌಡರು ಗೋಡೆಗೆ ಒರಗಿ ನಿಂತಿದ್ದರು.

“ತಾತ, ಈ ಮೂರು ದಿನ ಅಜ್ಜಿಗೆ ಊಟಕ್ಕೆ ಏನು ಕೊಟ್ರಿ?”

“ಎಲ್ಲಿ ಉಂಡ್ಳು ತಾಯಿ... ನಾನೇನ್ ತಿಂದ್ರೂ ಆ ಮಗೀಗೆ ಕೆಟ್ಟೆಸ್ರು ಬತ್ತದೆ ಅಂದ್ಬುಟ್ಟು, ಮೊದ್ಲು ಇಡ್ಲಿ ಬುಟ್ಳು. ಆಮೇಲೆ ಅನ್ನಾನೂ ಬುಟ್ಳು.”

“ಮತ್ತೆ ಏನು ತಗೊಂಡ್ರು?”

“ಬರೀ ಎಳ್ನೀರು. ಕಾಯ್ಲೆ ಬಿದ್ದೋರ್ಗೆ ಅದ್ಕಿಂತ ಒಳ್ಳೇದ್ ಏನದೆ ಹೇಳಿ? ನೀವು ಚಾರ್ಟ್ ಕೊಟ್ಟಾಗ್ನಿಂದ ದಿನಕ್ಕೆ ಎಲ್ಡ್ ಕುಡೀತಿದ್ಳು. ಒಂದೇ ಲೀಟ್ರು ಅಂದಿದ್ರಲ್ಲ ನೀವು... ಅದ್ನ ಬರೀ ನೀರ್ಗೆ ಯಾಕ್ ದಂಡ ಮಾಡದು ಅಂತಿದ್ಳು. ಈ ಮೂರ್ ದಿನ ಅದ್ರಲ್ಲೇ ಇದ್ಳು. ಅಳ್ತೆ ಮೀರಿಲ್ಲ ತಾಯಿ... ಚಾರ್ಟಲ್ಲೂ ಬ್ಯಾಡ ಅಂತ ಇರ್ಲಿಲ್ಲ. ಎಲ್ಡ್ ಸಲ ಓದುಸ್ದೆ.”



ಎಳನೀರು... ಅದರ ತುಂಬ ಪೊಟ್ಯಾಸಿಯಂ. ಪರೀಕ್ಷೆಯಲ್ಲಿ ಕೇಳಿದ್ದರೆ ಇಂಚರಾ ಥಟ್ಟನೆ ಬರೆಯುತ್ತಿದ್ದಳು.

ಆ ವಿದೇಶಿ ಪಟ್ಟಿಯಲ್ಲಿ ಎಳನೀರು ಇರಲಿಲ್ಲ. ಇವಳೂ ಸೇರಿಸಲಿಲ್ಲ. ಮದ್ದೂರಿನ ಹೆಂಗಸಿಗೆ ಕಿವಿ ಹಣ್ಣು ತಿನ್ನಬೇಡಿ ಎಂದವಳು, ಎಳನೀರಿನ ಮಾತನ್ನೇ ಎತ್ತಿರಲಿಲ್ಲ...

ಅದು ಊಟವಲ್ಲವಲ್ಲ, ‘ಏನು ತಿಂತಿದ್ದೀರಿ’ ಎಂದು ಕೇಳಿದಾಗ ಅಜ್ಜಿಯೂ ಹೇಳಿರಲಿಲ್ಲ.

ಒಂದು ಗಂಟೆ ಕಳೆದು ಡಾಕ್ಟರ್ ಹೊರಗೆ ಬಂದರು. ಚಿಕ್ಕತಾಯಮ್ಮನ ಹೃದಯ ನಿಂತುಹೋಗಿತ್ತು.

ಬೋರೇಗೌಡರು ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು.

“ನಮ್ ಹಿತ್ಲ ಮರದ್ದೇ ತಾಯಿ... ನಾನೇ ದಿನಾ ಕೆತ್ತಿ ಕೊಡ್ತಿದ್ದೆ. ಅದ್ರಿಂದೇನಾರಾ ಹಿಂಗಾಯ್ತಾ?”

ಸರಿಯಾದ ಉತ್ತರ ಇಂಚರಾಗೆ ಗೊತ್ತಿತ್ತು. ‘ಹೌದು’ ಎಂದರೆ ಸುಳ್ಳಾಗುತ್ತಿರಲಿಲ್ಲ. ಅವಳ ಭಾರವೂ ಅರ್ಧ ಇಳಿಯುತ್ತಿತ್ತು... ಆದರೆ ಇಳಿದ ಆ ಅರ್ಧವನ್ನು ಈ ಮುದುಕ ಸಾಯುವವರೆಗೂ ಹೊರಬೇಕಾಗುತ್ತಿತ್ತು.

“ಇಲ್ಲ ತಾತ. ನಾನು ಕೊಟ್ಟ ಚಾರ್ಟೇ ತಪ್ಪು. ಅಜ್ಜಿ ಏನೂ ತಪ್ಪು ಮಾಡಿಲ್ಲ, ನೀವೂ ಮಾಡಿಲ್ಲ... ಎಲ್ಲಾ ನಂದೇ ತಪ್ಪು.”

ಅವರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

“ಪ್ರಾಣ ಹೋಗೋಗಂಟ ನಿಮ್ ಮಾತು ಮೀರ್ಲಿಲ್ಲ ಕಣವ್ವ ಅವ್ಳು...” ಎಂದಷ್ಟೇ ಹೇಳಿ, ಹೆಂಡತಿಯನ್ನು ನೋಡಲು ಒಳಗೆ ಹೋದರು.

ಇಂಚರಾ ಆಮೇಲೆ ಬೇರೊಬ್ಬ ರೋಗಿಯ ಕೇಸ್ ಸ್ಟಡಿ ಬರೆದಳು. ಪಾಸಾದಳು. ಈಗ ರಿಪೋರ್ಟ್ ಕೆಟ್ಟಿದ್ದರೆ ಮೊದಲು ತನ್ನ ಚಾರ್ಟನ್ನೇ ಇನ್ನೊಮ್ಮೆ ಓದುತ್ತಾಳೆ.

ಆದರೆ ಹಾಗೆ ಓದಬೇಕಾಗಿದ್ದ ಆ ಶುಕ್ರವಾರ... ಇನ್ನು ಬರುವುದಿಲ್ಲ.

ಎದುರಿನವರ ಪ್ರಾಮಾಣಿಕತೆಯನ್ನು ಅನುಮಾನಿಸುವ ಮುನ್ನ, ನಾವು ಹೇಳಿಕೊಟ್ಟದ್ದು ಸರಿಯಿತ್ತೇ ಎಂದು ನೋಡಿಕೊಳ್ಳಬೇಕು.

ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿಯೂ, ನಿಮ್ಮಿಂದಲೇ ಬೈಸಿಕೊಂಡು ಸುಮ್ಮನಾದವರು ಯಾರಾದರೂ ಇದ್ದಾರೆಯೇ...?