ಕೆಂಪು ಬಾವುಟದ ಆಚೆ

ರೆಸಾರ್ಟಿನಲ್ಲಿ ಅಡುಗೆ ಮಾಡುವುದು ನನ್ನ ಕೆಲಸ. ಕಡಲ ದಂಡೆಯಲ್ಲಿ ಸುತ್ತಲು ಬ್ಯಾಟರಿ ಗಾಡಿ ಪಡೆಯುವವರಿಗೆ ನಿಯಮ ಹೇಳುವವಳೂ ನಾನೇ.

"ನಿಧಾನ ಓಡಿಸಿ ಸರ್. ಆ ಕೆಂಪು ಬಾವುಟ ಮಾತ್ರ ದಾಟಬೇಡಿ. ಅಲ್ಲಿ ನಮ್ಮಮ್ಮ ಸಿಗಡಿ ಒಣಗಿಸಿದ್ದಾರೆ."

ಗಾಡಿ ಹತ್ತಿ ಕೂತ ಅತಿಥಿ ನನ್ನ ಕಾಲ ಪಕ್ಕದಲ್ಲೇ ಗುಟ್ಕಾ ಉಗಿದ. "ಎಷ್ಟನೇ ಕ್ಲಾಸ್ ಓದಿದ್ದೀಯಮ್ಮಾ?"

"ಆರು."

"ಇಪ್ಪತ್ತು ವರ್ಷದಿಂದ ಕಾರ್ ಓಡಿಸ್ತಿದ್ದೀನಿ. ಈ ಆಟದ ಸಾಮಾನಿಗೆ ನೀನು ಪಾಠ ಹೇಳ್ತೀಯಾ?"

ಗಾಡಿಯಲ್ಲಿದ್ದ ಅವನ ಗೆಳೆಯರು ನಕ್ಕರು.

ಗಾಡಿ ನೇರವಾಗಿ ಬಾವುಟ ದಾಟಿತು. ಅಮ್ಮ ಪಕ್ಕಕ್ಕೆ ಹಾರಿ ಮರಳಿನ ಮೇಲೆ ಬಿದ್ದಳು. ಚಕ್ರ ಸಿಗಡಿಯ ಚಾಪೆಯ ಮೇಲೆ ಹರಿಯಿತು. ಗೆಳೆಯನೊಬ್ಬ ಮೊಬೈಲ್ ಎತ್ತಿದ್ದು ನೋಡಿ ಅವನು ಗಾಡಿ ತಿರುಗಿಸಿ ಇನ್ನೊಮ್ಮೆ ಹರಿಸಿದ.

"ಥೂ, ಏನ್ ಗಬ್ಬು ವಾಸನೆ! ಇದನ್ನೂ ತಿಂತಾರಾ ಜನ?" ಎಂದು ಮೂಗು ಮುಚ್ಚಿಕೊಂಡು ಹೋದ.

ಶನಿವಾರದ ಸಂತೆಗೆಂದು ಅಮ್ಮ ವಾರವಿಡೀ ಒಣಗಿಸಿದ್ದ ಸಿಗಡಿ ಅದು. ಮೊಣಕಾಲೂರಿ ಎಲ್ಲವನ್ನೂ ಬುಟ್ಟಿಗೆ ಬಾಚಿದಳು.

"ಇನ್ನ್ ಯಾರ್ ತಿಂತ್ರ್ ಇದನ್ನ? ಗುಂಡಿಗ್ ಹಾಕ್, ಮಗಾ."

ನಾನು ಬುಟ್ಟಿ ಎತ್ತಿಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತ ಅವನು ಗಂಜಿಯ ಜೊತೆ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡ. ಬೆರಳು ಚೀಪುತ್ತಾ ಮೂರನೇ ಸಲ ತಟ್ಟೆ ಮುಂದೆ ಒಡ್ಡಿದ.

"ಸೂಪರ್ ಕಣಮ್ಮಾ! ಎಷ್ಟು ಚೆನ್ನಾಗಿ ಪುಡಿಯಾಗಿದೆ. ಮಿಕ್ಸೀದಲ್ಲ ಇದು. ಒರಳಲ್ಲಿ ಕುಟ್ಟಿದ್ದು ತಾನೇ?"

ನಾನು ತಲೆ ತಗ್ಗಿಸಿ ಬಡಿಸಿದೆ.

"ಇಲ್ಲ ಸರ್. ನಿಮ್ಮ ಗಾಡಿಯಲ್ಲಿ."