ಹಕ್ಕಿ ಮುಟ್ಟದ ಚರಗ

ಸೀಗಿ ಹುಣ್ಣಿಮೆ. ಅಮ್ಮಿನಬಾವಿಯ ಎರೆಹೊಲದಲ್ಲಿ ಜೋಳ ತೆನೆ ಹಿರಿದು ನಿಂತಿತ್ತು. ಬಸುರಿ ಭೂಮಿಗೆ ಬಯಕೆಯ ಊಟವೆಂದು ಶಾಂತಯ್ಯ ಕಡಬು, ಸಜ್ಜೆರೊಟ್ಟಿ, ಪುಂಡಿಸೊಪ್ಪಿನ ಪಲ್ಯ ಕಲಸಿ ಹೊಲದ ಸುತ್ತ ಚರಗ ಚೆಲ್ಲಿ ಬಂದ. ಮಗ ಗುರುಪಾದ ಹಿಂದೆ ಹಿಂದೆ ನೀರು ಚಿಮುಕಿಸಿದ. ಇನ್ನು ಯಾವುದಾದರೂ ಹಕ್ಕಿ ಚರಗಕ್ಕೆ ಬಾಯಿ ಹಾಕಬೇಕು. ಆಮೇಲೆ ಮನೆಯವರ ಊಟ. ಅವರ ಮನೆತನದ ರೂಢಿ ಅದು.

ಅಪ್ಪ, ಮಗ, ಸೊಸೆ ಬನ್ನಿಗಿಡದ ನೆರಳಿಗೆ ಕೂತು ಒಂದು ತಾಸಾಯಿತು. ಒಂದು ಗುಬ್ಬಿಯೂ ಸುಳಿಯಲಿಲ್ಲ.

"ನಾಕ ದಿನದ ಹಿಂದ ನಿನ್ನ ಡ್ರೋನು ಔಷಧ ಹೊಡದ ಹೋತಲ್ಲ, ಅವತ್ತಿಂದ ಹೊಲ ಮಾತಾಡೂದ ಬಿಟ್ಟೈತಿ," ಎಂದ ಶಾಂತಯ್ಯ.

"ಮಿಷನ್ನಿಗೆ ಯಾಕ ಬೈತೀಯಪಾ? ಮಂದಿ ಹೆಚ್ಚಾಗ್ಯಾರ. ಮುತ್ಯಾನ ಕಾಲಕ್ಕ ಈ ಹೊಲಾ ನಂಬಿ ಆರು ಹೊಟ್ಟಿ ಇದ್ವು. ಈಗ ಇಪ್ಪತ್ತೆರಡು. ಔಷಧ ಹೊಡೀಲಿಲ್ಲಂದ್ರ ಸಾಲತೈತೇನು? ಹಕ್ಕಿ ಇರೂ ಜಾಗಾದಾಗೆಲ್ಲಾ ಮಂದಿ ಪ್ಲಾಟ್ ಹಾಕ್ಯಾರ."

"ಇರವಿಗೆ ಯಾ ಪ್ಲಾಟ್ ಬೇಕಾಗಿತ್ತೋ? ಅವೆಲ್ಲಿ ಹೋದ್ವು?"

ಗುರುಪಾದನ ಹೆಂಡತಿ ಆರತಿ ಏಳು ತಿಂಗಳ ಬಸುರಿ. ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ಹಂಗಾದ್ರ ಇದು ಇಪ್ಪತ್ಮೂರನೇದು. ನಿಮ್ಮ ಲೆಕ್ಕದಾಗ ಹೆಚ್ಚಿಗೀದು."

ಗುರುಪಾದ ಎದ್ದು ಬದುವಿಗೆ ಹೋದ. ಚೆಲ್ಲಿದ ಕಡಬು ಒಡೆದು ಬೆಲ್ಲದ ಹೂರಣ ಹೊರಗೆ ಬಂದಿತ್ತು. ಬಗ್ಗಿ ನೋಡಿದ. ಇರುವೆಯಿಲ್ಲ, ನೊಣವಿಲ್ಲ. ಚರಗದ ಒಂದು ಉಂಡೆ ಎತ್ತಿದ. ಕೆಳಗೆ ಕರಿಮಣ್ಣು ಬಳಿದಿಟ್ಟಂತೆ ನುಣ್ಣಗಿತ್ತು. ಗಾಳಿಗೆ ಸಾವಿರ ತೆನೆಗಳು ಒಟ್ಟಿಗೆ ತಲೆಯಾಡಿಸಿದವು. ಎಲೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಲಗುಬಗೆಯಿಂದ ನೆರಳಿಗೆ ಬಂದ.

"ಮಾವಾರ, ಹಸಿವು ತಡ್ಯಾಕಾಗವಲ್ದರಿ," ಎನ್ನುತ್ತಿದ್ದಳು ಆರತಿ.

"ಉಣ್ಣವಾ. ಬಸುರಿ ಹೆಂಗಸು, ಹಕ್ಕಿ ಸಲುವಾಗಿ ಎಷ್ಟಂತ ಕಾಯ್ತಿ?" ಎಂದು ಶಾಂತಯ್ಯ ಬುತ್ತಿ ಅವಳ ಮುಂದೆ ಸರಿಸಿದ.

ಆರತಿ ರೊಟ್ಟಿ ಮುರಿದು ಪಲ್ಯ ಸುತ್ತಿದಳು.

"ಪುಂಡಿಪಲ್ಯ ಎಲ್ಲೀದು?" ಗುರುಪಾದ ಕೇಳಿದ.

"ಎಲ್ಲೀದಂದ್ರ? ಇದ ಹೊಲದ್ದು. ನಿನ್ನೆ ಸಂಜಿಕೆ ಮಾವಾರು ಹರಕೊಂಡು ಬಂದ್ರಲ್ಲ."

ಶಾಂತಯ್ಯ ಮಗನ ಮುಖ ನೋಡಿದ. ಮಗ ಅಪ್ಪನ ಕೈ ನೋಡಿದ.

ಬಾಯಿಯ ಹತ್ತಿರ ಹೋಗಿದ್ದ ತುತ್ತನ್ನು ಗುರುಪಾದ ಹೆಂಡತಿಯ ಕೈಯಿಂದ ಕಸಿದುಕೊಂಡು ತನ್ನ ಬಾಯಿಗೆ ಹಾಕಿಕೊಂಡ. ನಿಧಾನಕ್ಕೆ ಅಗಿದ. ಆರತಿಯೂ ಶಾಂತಯ್ಯನೂ ಅವನ ಗಂಟಲನ್ನೇ ನೋಡುತ್ತ ಕೂತರು.