ಇಮಾಂಬಿಯ ಓಣಿಯ ಕರೆಂಟು

ಓಣಿಯ ಬಚ್ಚಲು, ಸಂಡಾಸುಗಳ ನೀರೆಲ್ಲ ಒಂದೇ ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿನ ಬ್ಯಾಕ್ಟೀರಿಯಾಗಳು ಆ ಕೊಳೆ ತಿಂದು ಓಣಿಗೆಲ್ಲ ಕರೆಂಟು ಕೊಡುತ್ತಿದ್ದವು. ತೊಟ್ಟಿ ಕಾಯುವ ಕೆಲಸ ನೀಲವ್ವನದು. ಸೋಂಕಿನ ಗುಳಿಗೆ, ಅಂದರೆ ಆ್ಯಂಟಿಬಯೋಟಿಕ್ ನುಂಗಿದವರ ಉಚ್ಚೆ ಬಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆಂದು ಅಂಥ ರೋಗಿಗಳನ್ನು ಊರಾಚೆಯ ಶಿಬಿರಕ್ಕೆ ಒಯ್ಯುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

ಗಂಡ ಫಕೀರಪ್ಪನಿಗೆ ನ್ಯುಮೋನಿಯಾ ಆದಾಗ ನೀಲವ್ವ ಯಾರಿಗೂ ಹೇಳಲಿಲ್ಲ. ಸೋಂಕಿನ ಗುಳಿಗೆ ಕದ್ದು ತಂದು, ಬರೀ ಜ್ವರದ್ದೆಂದು ಹೇಳಿ ಅವನಿಗೆ ನುಂಗಿಸಿದಳು. ಹಾಸಿಗೆಯ ಬಳಿ ಬಕೀಟು ಇಟ್ಟು, ಅದರಲ್ಲಿದ್ದುದನ್ನು ದಿನಾ ಹಿತ್ತಲಲ್ಲಿ ಹೂಳಿದಳು.

ಐದನೆಯ ದಿನ ಮಧ್ಯಾಹ್ನ ಓಣಿಯ ಫ್ಯಾನುಗಳೆಲ್ಲ ನಿಂತವು. ನೀಲವ್ವ ತೊಟ್ಟಿಯ ಮುಚ್ಚಳ ತೆಗೆದರೆ ಸತ್ತ ಬ್ಯಾಕ್ಟೀರಿಯಾಗಳ ಕೊಳೆತ ನಾತ. ಎದುರುಮನೆಯ ಇಮಾಂಬಿಯ ಮಗಳು ಓಡಿಬಂದಳು. “ನೀಲಕ್ಕಾ, ಅಮ್ಮೀದು ಉಸಿರಿನ ಮಷಿನ್ ಬಂದ್ ಆಗೇತ್ರಿ! ಲಗೂನ ಏನಾರ ಮಾಡ್ರಿ!”

ಹೊಸ ಬ್ಯಾಕ್ಟೀರಿಯಾ ಬೆಳೆಯಲು ವಾರ ಬೇಕು. ನೀಲವ್ವ ಮನೆಗೆ ಓಡಿದಳು.

ಫಕೀರಪ್ಪ ಎದ್ದು ಕೂತಿದ್ದ. ಜ್ವರ ಬಿಟ್ಟಿತ್ತು. “ನಿನಗ ಎಷ್ಟಂತ ತ್ರಾಸ ಕೊಡ್ಲಿ? ಮುಂಜಾನೆ ನಾನ ಗ್ವಾಡಿ ಹಿಡಕೊಂಡು ಸಂಡಾಸಕ್ಕ ಹೋಗಿಬಂದೆ ನೋಡು” ಎಂದು ನಕ್ಕ.

ಎದುರುಮನೆಯಿಂದ ಅಳು ಕೇಳಿಸಿತು.

“ಛಲೋ ಆತು” ಎಂದು ನೀಲವ್ವ ಬಾಗಿಲಿಗೆ ಚಿಲಕ ಹಾಕಿದಳು.